ಎದುರು ಕುರ್ಚಿ ಖಾಲಿ ಇರಬಾರದು: ಸಿಸ್ಕೆಲ್ ಮತ್ತು ಈಬರ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ರಿವ್ಯೂ ಮಾತು ಬಂದಾಗಲೆಲ್ಲ ನಾನು ಶಿಕಾಗೊದ ಈ ಇಬ್ಬರ ಹೆಸರು ಎತ್ತುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಕೇಳಿ ಕೇಳಿ ಬಾಯಿಪಾಠ ಆಗಿದೆ. ಹೊಸಬರು ಮಾತ್ರ "ಯಾರು ಅವರು? ಅಂಥದ್ದೇನು ಮಾಡಿದರು?" ಎಂದು ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳನ್ನೂ ನನಗೆ ಗೊತ್ತಿರುವ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಯಾರು ಈ ಸಿಸ್ಕೆಲ್, ಯಾರು ಈ ಈಬರ್ಟ್?

ಇಬ್ಬರೂ ಅಮೆರಿಕದ ಶಿಕಾಗೊ ನಗರದ ಪತ್ರಿಕೆಗಳಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದವರು. ರೋಜರ್ ಈಬರ್ಟ್ 1967ರಲ್ಲಿ ಸನ್-ಟೈಮ್ಸ್ ಪತ್ರಿಕೆಯ ವಿಮರ್ಶಕರಾದರು. ಜೀನ್ ಸಿಸ್ಕೆಲ್ 1969ರಲ್ಲಿ ಟ್ರಿಬ್ಯೂನ್ ಸೇರಿದರು. ಎರಡೂ ಪತ್ರಿಕೆಗಳದ್ದು ಹಾವು ಮುಂಗುಸಿ ಸಂಬಂಧ. ಪರಿಚಯವಾದ ಮೊದಲ ಐದು ವರ್ಷ ಇಬ್ಬರೂ ಹೆಚ್ಚುಕಡಿಮೆ ಮಾತೇ ಆಡಿರಲಿಲ್ಲ ಎಂದು ಈಬರ್ಟ್ ಆಮೇಲೆ ಬರೆದಿದ್ದಾರೆ.

ನೋಡಲೂ ಇಬ್ಬರೂ ಬೇರೆ ಬೇರೆ. ಸಿಸ್ಕೆಲ್ ಎತ್ತರ, ತೆಳ್ಳಗೆ, ಮುಂದಲೆಯಲ್ಲಿ ಕೂದಲು ಕಡಿಮೆ. ಈಬರ್ಟ್ ಗುಂಡಗೆ, ದೊಡ್ಡ ಕನ್ನಡಕ. ಸಿಸ್ಕೆಲ್ ಯೇಲ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವರು. ಈಬರ್ಟ್ ಇಲಿನಾಯ್ ರಾಜ್ಯದ ಅರ್ಬಾನಾ ಎಂಬ ಸಣ್ಣ ಊರಿನವರು. ಹೈಸ್ಕೂಲಿನಲ್ಲಿದ್ದಾಗಲೇ ಅಲ್ಲಿನ ಪತ್ರಿಕೆಗೆ ಆಟೋಟದ ಸುದ್ದಿ ಬರೆಯುತ್ತಿದ್ದರು. 1975ರಲ್ಲಿ ಅವರಿಗೆ ಅಮೆರಿಕದ ಪತ್ರಿಕಾ ಬರಹಕ್ಕೆ ಕೊಡುವ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಸಿನಿಮಾ ವಿಮರ್ಶಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಅವರ ಟಿವಿ ಶೋ ಹೆಸರೇನು? ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರಲ್ಲ?

ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ, ಹೆಸರು ಬದಲಾಗುತ್ತಾ ಹೋಯಿತು ಅಷ್ಟೆ. 1975ರಲ್ಲಿ ಶಿಕಾಗೊದ ಸಾರ್ವಜನಿಕ ಟಿವಿ ಕೇಂದ್ರ ಡಬ್ಲ್ಯುಟಿಟಿಡಬ್ಲ್ಯು ಇವರಿಬ್ಬರನ್ನು ಕೂರಿಸಿ ತಿಂಗಳಿಗೊಂದು ಕಾರ್ಯಕ್ರಮ ಶುರು ಮಾಡಿತು. ಆಗ ಅದರ ಹೆಸರು 'ಓಪನಿಂಗ್ ಸೂನ್ ಅಟ್ ಎ ಥಿಯೇಟರ್ ನಿಯರ್ ಯು'. ಮೊದಮೊದಲು ಇಬ್ಬರೂ ಸೆಟೆದುಕೊಂಡು ಕೂರುತ್ತಿದ್ದರು. ಥಿಯಾ ಫ್ಲಾಮ್ ಎಂಬ ನಿರ್ಮಾಪಕಿ ಇವರನ್ನು ತಿದ್ದಿ ತೀಡಿ ಟಿವಿಗೆ ಒಗ್ಗಿಸಿದರು. ಮುಂದೆ ಅದೇ ಕಾರ್ಯಕ್ರಮ 'ಸ್ನೀಕ್ ಪ್ರಿವ್ಯೂಸ್' ಎಂಬ ಹೆಸರಲ್ಲಿ ಸಾರ್ವಜನಿಕ ಟಿವಿ ಜಾಲ ಪಿಬಿಎಸ್ ಮೂಲಕ ದೇಶಕ್ಕೆಲ್ಲ ಹೋಯಿತು. 1982ರಲ್ಲಿ ಅದನ್ನು ಬಿಟ್ಟು ಖಾಸಗಿ ಕಂಪನಿಗೆ ಬಂದು 'ಅಟ್ ದ ಮೂವೀಸ್' ಮಾಡಿದರು. 1986ರಲ್ಲಿ ಡಿಸ್ನಿಯ ಕಂಪನಿಗೆ ಹೋದಾಗ ಅವರ ಹೆಸರೇ ಕಾರ್ಯಕ್ರಮದ ಹೆಸರಾಯಿತು.

ಹೆಸರು ಎಷ್ಟು ಬದಲಾದರೂ ನೋಡಲು ಮಾತ್ರ ಹಾಗೇ ಇತ್ತು. ಥಿಯೇಟರಿನ ಬಾಲ್ಕನಿಯಂತೆ ಒಂದು ಸೆಟ್. ನಡುವೆ ಓಡಾಡುವ ಜಾಗ, ಅದರ ಆಚೆಗೊಬ್ಬರು ಈಚೆಗೊಬ್ಬರು. ಅರ್ಧ ಗಂಟೆ, ನಾಲ್ಕೈದು ಹೊಸ ಸಿನಿಮಾ. ಒಬ್ಬರು ಸಿನಿಮಾದ ತುಣುಕು ತೋರಿಸಿ ತಮ್ಮ ಮಾತು ಹೇಳಬೇಕು, ಆಮೇಲೆ ಇನ್ನೊಬ್ಬರು ಬಾಯಿ ಹಾಕಬೇಕು. ಆ ಬಾಯಿ ಹಾಕುವ ಹೊತ್ತಿಗಾಗಿಯೇ ಜನ ಟಿವಿ ಮುಂದೆ ಕೂರುತ್ತಿದ್ದರು.

ಇಬ್ಬರು ಅಮೆರಿಕನ್ನರು ಹಳೇ ಸಿನಿಮಾಗಳ ಬಗ್ಗೆ ಜಗಳ ಆಡುವುದನ್ನು ನಾವು ಯಾಕೆ ನೋಡಬೇಕು?

ನಾನು ದಕ್ಷಿಣ ಕನ್ನಡದವನು. ಹಾಗಾಗಿ ನನಗೆ ಇದು ಬೇಗ ಅರ್ಥವಾಯಿತು ಅನಿಸುತ್ತದೆ. ಚಿಕ್ಕಂದಿನಲ್ಲಿ ಅಜ್ಜನ ಪಕ್ಕ ಚಾಪೆಯ ಮೇಲೆ ಕೂತು ತಾಳಮದ್ದಳೆ ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ಪಂಚೆ ಶಾಲಿನಲ್ಲಿ ಕೂತ ಇಬ್ಬರು ಅರ್ಥಧಾರಿಗಳು ಮಾತಿಗೆ ಮಾತು ಕೊಡುತ್ತಾರೆ. ವಾಲಿವಧೆ ಪ್ರಸಂಗ ಅಂದುಕೊಳ್ಳಿ. ವಾಲಿ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಆದರೂ ರಾತ್ರಿಯಿಡೀ ಯಾಕೆ ಕೂರುತ್ತೇವೆ? ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ ಎಂದು ವಾಲಿ ಕೇಳಿದಾಗ ಇವತ್ತಿನ ರಾಮ ಏನು ಹೇಳುತ್ತಾನೆ ಎಂದು ಕೇಳಲು. ಎದುರು ಕೂತವರು ಗಟ್ಟಿಗರಾಗಿದ್ದರೆ ಇವರ ಮಾತೂ ಮೇಲೇರುತ್ತದೆ. ಎದುರಿನವರು ಸಪ್ಪೆಯಾದರೆ ಎಂಥ ಅರ್ಥಧಾರಿಯ ಮಾತೂ ಕಳೆಗುಂದುತ್ತದೆ.

ಸಿಸ್ಕೆಲ್ ಮತ್ತು ಈಬರ್ಟ್ ಮಾಡಿದ್ದು ಅದನ್ನೇ. ಅವರು ಮಾತಾಡಿದ ಎಷ್ಟೋ ಸಿನಿಮಾಗಳನ್ನು ನಾನು ನೋಡಿಲ್ಲ. ಮಾತು ಕೇಳಲು ಅದು ಅಡ್ಡ ಬಂದಿಲ್ಲ.

ಎಲ್ಲ ಮೊದಲೇ ಮಾತಾಡಿಕೊಂಡು ಬರುತ್ತಿದ್ದರಾ? ಟಿವಿಗಾಗಿ ಜಗಳವಾ?

ಇಲ್ಲ. ಕಥೆ ಹೇಳುವ ಭಾಗವನ್ನು ಮೊದಲೇ ಬರೆದುಕೊಂಡು ಓದುತ್ತಿದ್ದರು, ನಿಜ. ಆಮೇಲಿನ ವಾದ ಮಾತ್ರ ಅಲ್ಲಿಯೇ ಹುಟ್ಟಿದ್ದು. ಕ್ಯಾಮೆರಾ ಮುಂದೆ ಕೂರುವವರೆಗೆ ಆ ವಾರದ ಸಿನಿಮಾ ಹೇಗಿತ್ತು ಎಂದು ಒಬ್ಬರಿಗೊಬ್ಬರು ಹೇಳಬಾರದು ಎಂದು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು.

ಅದು ಮುಖದಲ್ಲೇ ಕಾಣುತ್ತದೆ. ಒಬ್ಬರು ಹೊಗಳುತ್ತಿರುವಾಗ ಇನ್ನೊಬ್ಬರ ಹುಬ್ಬು ಮೇಲೇರುತ್ತದೆ. ಈಬರ್ಟ್ ಕುರ್ಚಿಯಲ್ಲಿ ಕೊಸರಾಡುತ್ತಾರೆ. ಸಿಸ್ಕೆಲ್ ತಲೆ ಸ್ವಲ್ಪ ಓರೆ ಮಾಡಿ, ಬಲೆ ಬೀಸಿ ಕೂತವರಂತೆ ಕಾಯುತ್ತಾರೆ.

ಹೆಬ್ಬೆರಳು ಮೇಲೆ, ಕೆಳಗೆ ಮಾಡುವುದನ್ನು ಶುರು ಮಾಡಿದ್ದು ಇವರೇನಾ?

ಸನ್ನೆ ಹಳೆಯದು. ಸಿನಿಮಾ ವಿಮರ್ಶೆಗೆ ಅದನ್ನು ತಂದದ್ದು ಇವರು, 1986ರಲ್ಲಿ. ಅದಕ್ಕೆ ಮುಂಚೆ ಬರೀ 'ಯೆಸ್' ಅಥವಾ 'ನೋ' ಎನ್ನುತ್ತಿದ್ದರು. 'ಟೂ ಥಂಬ್ಸ್ ಅಪ್' ಎಂಬ ಮಾತನ್ನು ಟ್ರೇಡ್‌ಮಾರ್ಕ್ ಕೂಡ ಮಾಡಿಸಿಕೊಂಡರು. ಇಬ್ಬರ ಹೆಬ್ಬೆರಳೂ ಮೇಲಿದ್ದರೆ ಆ ಸಿನಿಮಾದ ಜಾಹೀರಾತಿನಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿಕೊಳ್ಳುತ್ತಿದ್ದರು.

ಇದಕ್ಕೆ ಬೈದವರೂ ಇದ್ದರು. 1990ರಲ್ಲಿ ರಿಚರ್ಡ್ ಕೊರ್ಲಿಸ್ ಎಂಬ ವಿಮರ್ಶಕರು 'ಫಿಲ್ಮ್ ಕಾಮೆಂಟ್' ಪತ್ರಿಕೆಯಲ್ಲಿ ದೊಡ್ಡ ಲೇಖನ ಬರೆದು, ಹೀಗೆ ಬೆರಳು ತೋರಿಸುತ್ತಾ ಹೋದರೆ ವಿಮರ್ಶೆಗೆ ಮುಂದೆ ಬದುಕಿದೆಯಾ ಎಂದು ಕೇಳಿದರು. ಈಬರ್ಟ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಟಿವಿಯಲ್ಲಿ ಆಳವಾದ ವಿಮರ್ಶೆ ಆಗುವುದಿಲ್ಲ ಎಂದು ಅವರೂ ಒಪ್ಪಿದರು. ಆದರೆ ಸಣ್ಣ ಊರಿನ ಒಬ್ಬ ಹುಡುಗ ಇದನ್ನು ನೋಡಿ, ಸಿನಿಮಾ ಬಗ್ಗೆ ನನಗೂ ನನ್ನದೇ ಅಭಿಪ್ರಾಯ ಇರಬಹುದು ಎಂದು ಕಂಡುಕೊಂಡರೆ ಅದು ಸಣ್ಣದಲ್ಲ ಎಂಬುದು ಅವರ ಮಾತಿನ ಸಾರ.

ನನಗೆ ಈಬರ್ಟ್ ಮಾತೇ ಸರಿ ಅನಿಸುತ್ತದೆ. ನಮ್ಮ ಕಡೆ ಹೆಬ್ಬೆಟ್ಟು ಅಂದರೆ ಓದು ಬರಹ ಬಾರದವರು ಸಹಿಯ ಜಾಗದಲ್ಲಿ ಒತ್ತುವುದು. ಇವರ ಹೆಬ್ಬೆರಳೂ ಸಹಿಯ ಹಾಗೆ ಕೊನೆಯಲ್ಲಿ ಬರುತ್ತಿತ್ತು, ಅದಕ್ಕೆ ಮುಂಚೆ ಮಾತೆಲ್ಲ ಮುಗಿದಿರುತ್ತಿತ್ತು. ಆಮೇಲೆ ಬಂದವರು ಮಾತು ಬಿಟ್ಟು ಬೆರಳನ್ನು ಮಾತ್ರ ಇಟ್ಟುಕೊಂಡರು. ಅದಕ್ಕೆ ಇವರನ್ನು ಬೈಯುವುದು ನ್ಯಾಯವಲ್ಲ.

ಅವರ ಅತಿ ದೊಡ್ಡ ಜಗಳ ಯಾವುದು?

ದೊಡ್ಡದು ಯಾವುದೋ, ನನಗೆ ಅತಿ ಇಷ್ಟವಾದದ್ದು 1987ರದ್ದು. ಒಂದೇ ಕಂತಿನಲ್ಲಿ ಎರಡು ಸಿನಿಮಾ ಬಂದವು. ಒಂದು ಸ್ಟ್ಯಾನ್ಲಿ ಕುಬ್ರಿಕ್ ಅವರ ವಿಯೆಟ್ನಾಂ ಯುದ್ಧದ ಚಿತ್ರ 'ಫುಲ್ ಮೆಟಲ್ ಜಾಕೆಟ್'. ಇನ್ನೊಂದು 'ಬೆಂಜಿ ದ ಹಂಟೆಡ್', ಕಾಡಿನಲ್ಲಿ ದಾರಿ ತಪ್ಪಿದ ನಾಯಿಯೊಂದರ ಮಕ್ಕಳ ಚಿತ್ರ. ಈಬರ್ಟ್ ನಾಯಿಗೆ ಹೆಬ್ಬೆರಳು ಮೇಲೆ ಮಾಡಿದರು, ಕುಬ್ರಿಕ್‌ಗೆ ಕೆಳಗೆ ಮಾಡಿದರು.

ಸಿಸ್ಕೆಲ್ ಬಿಡುತ್ತಾರಾ? ಇದು ಒಂದೇ ದಿನ, ಒಂದೇ ಕುರ್ಚಿಯಲ್ಲಿ ಕೂತು ಹೇಳಿದ ತೀರ್ಪು ಎಂದು ಎತ್ತಿ ತೋರಿಸಿದರು. ಈಬರ್ಟ್‌ಗೆ ನಿಜವಾಗಿ ಸಿಟ್ಟು ಬಂತು. ಇದು ಅನ್ಯಾಯ ಎಂದರು. ನಾಯಿಯ ಸಿನಿಮಾ ಕುಬ್ರಿಕ್ ಸಿನಿಮಾದ ಹತ್ತರಲ್ಲಿ ಒಂದು ಪಾಲೂ ಇಲ್ಲ, ಆದರೆ ಪ್ರತಿ ಸಿನಿಮಾವನ್ನೂ ಅದು ಯಾರಿಗಾಗಿ, ಯಾವುದಕ್ಕಾಗಿ ಮಾಡಿದ್ದು ಎಂದು ನೋಡಿ ಅಳೆಯಬೇಕು ಎಂದು ವಾದಿಸಿದರು.

ಈಗ ನೀವೇ ಯೋಚಿಸಿ. ಇದು ಎಷ್ಟು ದೊಡ್ಡ ಪ್ರಶ್ನೆ! ಮಕ್ಕಳ ಸಿನಿಮಾಕ್ಕೂ ದೊಡ್ಡ ನಿರ್ದೇಶಕನ ಸಿನಿಮಾಕ್ಕೂ ಒಂದೇ ಸೇರು ಹಿಡಿದು ಅಳೆಯಬಹುದಾ? ಅಳೆಯಬಾರದು ಎಂದರೆ, ಹೆಬ್ಬೆರಳು ಮೇಲೆ ಎಂಬುದಕ್ಕೆ ಅರ್ಥವೇನು? ನಾವು ದಿನಾ ನೋಡುವ ಸ್ಟಾರು, ಶೇಕಡಾ ಲೆಕ್ಕಗಳ ಹಿಂದೆ ಇರುವ ತೊಡಕೂ ಇದೇ. ಯಾವುದೋ ಸೆಮಿನಾರಿನಲ್ಲಿ ಕೇಳಿದ್ದರೆ ನಿದ್ದೆ ಬರುತ್ತಿತ್ತು. ಇಲ್ಲಿ ಒಬ್ಬರು ಇನ್ನೊಬ್ಬರ ಕಾಲೆಳೆದದ್ದಕ್ಕೆ ಅದು ಮನೆಮನೆಗೆ ತಲುಪಿತು.

ನನ್ನ ಅಭಿಪ್ರಾಯ? ತತ್ವದಲ್ಲಿ ಈಬರ್ಟ್ ಸರಿ, ಕುಬ್ರಿಕ್ ವಿಷಯದಲ್ಲಿ ಸಿಸ್ಕೆಲ್ ಸರಿ.

ವಾದದಲ್ಲಿ ಯಾರಾದರೂ ಸೋತು ಮನಸ್ಸು ಬದಲಿಸಿದ್ದು ಇದೆಯಾ?

ಇದೆ. 1996ರಲ್ಲಿ ಜಾನ್ ವೂ ನಿರ್ದೇಶನದ 'ಬ್ರೋಕನ್ ಆರೋ' ಬಂತು. ಸಿಸ್ಕೆಲ್ ಮೊದಲು ಹೆಬ್ಬೆರಳು ಮೇಲೆ ಮಾಡಿದ್ದರು. ಈಬರ್ಟ್ ಒಂದೊಂದೇ ದೋಷ ಎತ್ತಿ ಹೇಳುತ್ತಾ ಹೋದರು. ಕೇಳುತ್ತಾ ಕೇಳುತ್ತಾ ಸಿಸ್ಕೆಲ್ ಅಲ್ಲಿಯೇ, ಕ್ಯಾಮೆರಾ ಎದುರೇ, ತಮ್ಮ ಮತ ಬದಲಿಸಿ ಹೆಬ್ಬೆರಳು ಕೆಳಗೆ ಮಾಡಿದರು.

ಸೋಲನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ನಾನು ಟಿವಿಯಲ್ಲಿ ಬೇರೆಲ್ಲೂ ನೋಡಿಲ್ಲ. ನಮ್ಮ ನ್ಯೂಸ್ ಚಾನೆಲ್ ಚರ್ಚೆಯಲ್ಲಿ ಒಬ್ಬರಾದರೂ "ಹೌದು, ನೀವು ಹೇಳಿದ್ದು ಸರಿ" ಎಂದದ್ದು ನಿಮಗೆ ನೆನಪಿದೆಯಾ? ಎದುರಿನವರ ಮಾತು ಕಿವಿಗೆ ಬೀಳುತ್ತಿದ್ದರೆ ಮಾತ್ರ ಹೀಗಾಗಲು ಸಾಧ್ಯ.

ದೊಡ್ಡ ಸಿನಿಮಾಗಳ ವಿಷಯದಲ್ಲಿ ತಪ್ಪು ಮಾಡಿದ್ದಾರಾ?

'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್' ಚಿತ್ರಕ್ಕೆ ಸಿಸ್ಕೆಲ್ ಹೆಬ್ಬೆರಳು ಕೆಳಗೆ ಮಾಡಿದ್ದರು. ಅದಕ್ಕೆ ಐದು ಆಸ್ಕರ್ ಬಂತು. ಡೇವಿಡ್ ಲಿಂಚ್ ಅವರ 'ಬ್ಲೂ ವೆಲ್ವೆಟ್' ಅನ್ನು ಈಬರ್ಟ್ ಕಟುವಾಗಿ ಟೀಕಿಸಿದರು, ಸಿಸ್ಕೆಲ್ ಮೆಚ್ಚಿದರು. ಇವತ್ತು ಅದನ್ನು ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಇಡುತ್ತಾರೆ.

ಆದರೆ 'ತಪ್ಪು' ಎನ್ನಲು ನನಗೆ ಮನಸ್ಸಿಲ್ಲ. ಈಬರ್ಟ್ ಸಿಟ್ಟಿಗೆ ಕಾರಣ ಇತ್ತು. ನಟಿ ಇಸಬೆಲ್ಲಾ ರೊಸೆಲಿನಿ ಅವರಿಂದ ಅಷ್ಟು ನೋವಿನ, ಅವಮಾನದ ದೃಶ್ಯಗಳನ್ನು ಮಾಡಿಸಿ, ಅದರ ಪಕ್ಕದಲ್ಲೇ ತಮಾಷೆ ಇಟ್ಟದ್ದು ಅವರಿಗೆ ಸಹಿಸಲಾಗಲಿಲ್ಲ. ಒಬ್ಬ ನಟಿ ಅಷ್ಟು ಕೊಟ್ಟಾಗ ಸಿನಿಮಾ ಕೂಡ ಅದಕ್ಕೆ ತಕ್ಕಂತೆ ಇರಬೇಕು ಎಂದರು. ಸಿನಿಮಾ ಎಷ್ಟೇ ದೊಡ್ಡದಾದರೂ ಈ ಪ್ರಶ್ನೆ ಇನ್ನೂ ಹಾಗೇ ಇದೆ, ಅಲ್ವಾ?

ಇವರ ಮಾತಿನಿಂದ ಯಾವ ಸಿನಿಮಾಕ್ಕಾದರೂ ಉಪಕಾರ ಆಯಿತಾ?

ಆಗಿದೆ. 1981ರಲ್ಲಿ ಲೂಯಿ ಮಾಲ್ 'ಮೈ ಡಿನ್ನರ್ ವಿತ್ ಆಂದ್ರೆ' ಮಾಡಿದರು. ಇಡೀ ಸಿನಿಮಾದಲ್ಲಿ ಇಬ್ಬರು ಗೆಳೆಯರು ಹೋಟೆಲಲ್ಲಿ ಕೂತು ಊಟ ಮಾಡುತ್ತಾ ಮಾತಾಡುತ್ತಾರೆ, ಅಷ್ಟೆ. ಇಂಥ ಸಿನಿಮಾಕ್ಕೆ ಯಾರು ಬರುತ್ತಾರೆ? ಇವರಿಬ್ಬರೂ ಟಿವಿಯಲ್ಲಿ ಹೊಗಳಿದ ಮೇಲೆ ಜನ ಬಂದರು.

ಇದಕ್ಕಿಂತ ದೊಡ್ಡದು 'ಹೂಪ್ ಡ್ರೀಮ್ಸ್'. ಶಿಕಾಗೊದ ಬಡ ಬಡಾವಣೆಗಳ ಇಬ್ಬರು ಕಪ್ಪು ಹುಡುಗರು, ವಿಲಿಯಂ ಗೇಟ್ಸ್ ಮತ್ತು ಆರ್ಥರ್ ಏಜೀ. ಬ್ಯಾಸ್ಕೆಟ್‌ಬಾಲ್ ಆಡಿ ಮೇಲೆ ಬರುವ ಕನಸು. ಸ್ಟೀವ್ ಜೇಮ್ಸ್ ಮತ್ತು ಗೆಳೆಯರು ವರ್ಷಗಟ್ಟಲೆ ಆ ಹುಡುಗರ ಹಿಂದೆ ಕ್ಯಾಮೆರಾ ಹೊತ್ತು ತಿರುಗಿ, ಸುಮಾರು ಮೂರು ಗಂಟೆಯ ಸಾಕ್ಷ್ಯಚಿತ್ರ ಮಾಡಿದರು. 1994ರ ಜನವರಿಯಲ್ಲಿ ಅದು ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಹೋಯಿತು. ಅದನ್ನು ಥಿಯೇಟರಿಗೆ ತರುವವರು ಯಾರೂ ಇನ್ನೂ ಇರಲಿಲ್ಲ. ಆಗಲೇ ಇವರಿಬ್ಬರೂ ತಮ್ಮ ಶೋನಲ್ಲಿ ಅದರ ಬಗ್ಗೆ ಮಾತಾಡಿದರು. ಜನ ನೋಡಲು ಸಾಧ್ಯವೇ ಇಲ್ಲದ ಸಿನಿಮಾಕ್ಕೆ ಟಿವಿಯಲ್ಲಿ ಜಾಗ ಕೊಡುವುದು ಸಣ್ಣ ಧೈರ್ಯವಲ್ಲ. ವರ್ಷದ ಕೊನೆಗೆ ಇಬ್ಬರೂ ಅದನ್ನೇ ಆ ವರ್ಷದ ಅತ್ಯುತ್ತಮ ಚಿತ್ರ ಎಂದರು. ಆದರೆ ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗದಲ್ಲಿ ಅದಕ್ಕೆ ನಾಮನಿರ್ದೇಶನವೂ ಸಿಗಲಿಲ್ಲ. ಇವರು ಸುಮ್ಮನಿರಲಿಲ್ಲ. ಗಲಾಟೆ ದೊಡ್ಡದಾಗಿ, ಮುಂದೆ ಆಸ್ಕರ್ ಕೊಡುವ ಅಕಾಡೆಮಿ ಸಾಕ್ಷ್ಯಚಿತ್ರಗಳನ್ನು ಆರಿಸುವ ರೀತಿಯನ್ನೇ ಬದಲಿಸಬೇಕಾಯಿತು.

ಸದಾ ಕಚ್ಚಾಡುವ ಇಬ್ಬರು ಒಂದಾಗಿ ನಿಂತರೆ ಆ ಮಾತಿನ ತೂಕವೇ ಬೇರೆ.

ಬರೀ ಹೊಸ ಬಿಡುಗಡೆಗಳ ಬಗ್ಗೆ ಮಾತ್ರ ಮಾತಾಡುತ್ತಿದ್ದರಾ?

ಇಲ್ಲ, ನಡುನಡುವೆ ಒಂದೇ ವಿಷಯ ಹಿಡಿದು ಇಡೀ ಕಂತು ಮಾಡುತ್ತಿದ್ದರು. 1980ರಲ್ಲಿ, ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಸಿನಿಮಾಗಳ ಬಗ್ಗೆ ಒಂದು ಕಂತು ಬಂತು. ಬರೀ ರಕ್ತ ಜಾಸ್ತಿ ಎಂದು ಬೈದು ಬಿಡಲಿಲ್ಲ. ತುಣುಕುಗಳನ್ನು ಹಾಕಿ, ಕ್ಯಾಮೆರಾ ಎಲ್ಲಿದೆ ನೋಡಿ ಎಂದರು. ಕ್ಯಾಮೆರಾ ಕೊಲೆಗಾರನ ಕಣ್ಣಿನ ಜಾಗದಲ್ಲಿದೆ. ಅವನ ಕಣ್ಣಿನಿಂದಲೇ ನೀವು ಆ ಹುಡುಗಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೀರಿ. ಅದನ್ನು ಒಮ್ಮೆ ಕೇಳಿದ ಮೇಲೆ ನಾನು ಯಾವ ಥ್ರಿಲ್ಲರ್ ನೋಡುವಾಗಲೂ ಕ್ಯಾಮೆರಾ ಯಾರ ಪರ ನಿಂತಿದೆ ಎಂದು ನೋಡುತ್ತೇನೆ. ನೀವೂ ನೋಡಿ.

1986ರಲ್ಲಿ ಕಪ್ಪುಬಿಳುಪು ಚಿತ್ರಗಳಿಗೆ ಕಂಪ್ಯೂಟರಿನಿಂದ ಬಣ್ಣ ಬಳಿಯುವುದರ ವಿರುದ್ಧ ಒಂದು ಕಂತು ಮಾಡಿದರು. ಅಗಲ ಪರದೆಯ ಸಿನಿಮಾವನ್ನು ಚೌಕ ಟಿವಿಗೆ ತುಂಬಲು ಎರಡೂ ಬದಿ ಕತ್ತರಿಸುವುದರ ಬಗ್ಗೆಯೂ ಮಾತಾಡಿದರು. ಹಳೇ ಟಿವಿಯಲ್ಲಿ ಇಬ್ಬರು ಮಾತಾಡುವಾಗ ಒಬ್ಬರ ಮೂಗು ಈ ಕಡೆ, ಇನ್ನೊಬ್ಬರ ಮೂಗು ಆ ಕಡೆ, ನಡುವೆ ಖಾಲಿ ಗೋಡೆ ಕಾಣುತ್ತಿದ್ದದ್ದು ನೆನಪಿದೆಯಾ? ಅದೇ.

ಡಿಸ್ನಿ ದುಡ್ಡು ತಗೊಂಡು ಡಿಸ್ನಿ ಸಿನಿಮಾ ಬಗ್ಗೆ ನಿಜ ಹೇಳಲು ಆಗುತ್ತಿತ್ತಾ?

ಒಳ್ಳೆಯ ಪ್ರಶ್ನೆ, ಆಗಲೂ ಜನ ಕೇಳಿದ್ದರು. 1998ರ 'ಆರ್ಮಗೆಡ್ಡನ್' ಡಿಸ್ನಿಯ ಟಚ್‌ಸ್ಟೋನ್ ತಂದ ದೊಡ್ಡ ಬಜೆಟ್ ಸಿನಿಮಾ. ಈಬರ್ಟ್ ತಮ್ಮ ಪತ್ರಿಕೆಯಲ್ಲಿ ಅದಕ್ಕೆ ಕೊಟ್ಟದ್ದು ಒಂದೇ ಸ್ಟಾರ್. 2001ರ 'ಪರ್ಲ್ ಹಾರ್ಬರ್' ಕೂಡ ಡಿಸ್ನಿಯದ್ದೇ. ಅದಕ್ಕೆ ಒಂದೂವರೆ.

ಕಷ್ಟ ಬಂದದ್ದು ಬೇರೆ ಕಡೆಯಿಂದ. 1986ರಲ್ಲಿ ಡಿಸ್ನಿ ಕಂಪನಿಗೆ ಹೋದ ಮೇಲೆ ಸಿಸ್ಕೆಲ್ ಟ್ರಿಬ್ಯೂನ್‌ನ ಮುಖ್ಯ ಸಿನಿಮಾ ವಿಮರ್ಶಕರ ಸ್ಥಾನ ಕಳೆದುಕೊಂಡರು. ಆಮೇಲೆ ಗುತ್ತಿಗೆಯ ಮೇಲೆ ಬರೆಯುತ್ತಿದ್ದರು.

ಇನ್ನೊಂದು: ಈಬರ್ಟ್ ಸ್ವತಃ ಒಂದು ಸಿನಿಮಾಕ್ಕೆ ಚಿತ್ರಕಥೆ ಬರೆದಿದ್ದರು, 1970ರಲ್ಲಿ ಬಂದ 'ಬಿಯಾಂಡ್ ದ ವ್ಯಾಲಿ ಆಫ್ ದ ಡಾಲ್ಸ್'. ಸಿಸ್ಕೆಲ್ ಅದನ್ನು ಎತ್ತಿ ಆಡಿಸದೆ ಬಿಡುತ್ತಿರಲಿಲ್ಲ. ಮುಲಾಜಿಲ್ಲದೆ ನೆನಪಿಸಲು ಎದುರಿಗೊಬ್ಬರು ಇದ್ದರು.

ಯಾಕೆ 'ಸಿಸ್ಕೆಲ್ ಮತ್ತು ಈಬರ್ಟ್'? ಈಬರ್ಟ್ ಹಿರಿಯರಲ್ವಾ?

ನಾಣ್ಯ ಚಿಮ್ಮಿದರು, ಸಿಸ್ಕೆಲ್ ಗೆದ್ದರು.

ನಿಜಕ್ಕೂ ಅವರು ಸ್ನೇಹಿತರಾ, ಶತ್ರುಗಳಾ?

ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಪ್ರೋಮೋ ಚಿತ್ರೀಕರಣದ ನಡುವೆ ಒಬ್ಬರನ್ನೊಬ್ಬರು ಹಂಗಿಸುವ ವಿಡಿಯೋ ಇದೆ. ಅದರಲ್ಲಿ ಸಿಟ್ಟೂ ನಿಜ, ನಗುವೂ ನಿಜ. ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತದೆ.

1998ರ ಮೇ ತಿಂಗಳಲ್ಲಿ ಸಿಸ್ಕೆಲ್‌ಗೆ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಚೇತರಿಸಿಕೊಳ್ಳುವಾಗ ಆಸ್ಪತ್ರೆಯ ಹಾಸಿಗೆಯಿಂದಲೇ ಫೋನಿನಲ್ಲಿ ಶೋಗೆ ಮಾತಾಡಿದರು. ಆಮೇಲೆ ಕುರ್ಚಿಗೆ ಮರಳಿದರು. ಕಾಯಿಲೆ ಎಷ್ಟು ಗಂಭೀರ ಎಂದು ಹೊರಗೆ ಹೇಳಲಿಲ್ಲ, ಈಬರ್ಟ್‌ಗೂ ಹೇಳಲಿಲ್ಲ. 1999ರ ಫೆಬ್ರವರಿಯಲ್ಲಿ ರಜೆ ಹಾಕುವಾಗ, ಬೇಗ ಹುಷಾರಾಗಬೇಕು, ಇಲ್ಲದಿದ್ದರೆ ರೋಜರ್‌ಗೆ ನನಗಿಂತ ಜಾಸ್ತಿ ಹೊತ್ತು ಟಿವಿಯಲ್ಲಿ ಕಾಣಿಸಿಕೊಳ್ಳಲು ಸಿಕ್ಕಿಬಿಡುತ್ತದೆ ಎಂದಿದ್ದರು. ಅದೇ ತಿಂಗಳ 20ರಂದು ತೀರಿಕೊಂಡರು. ವಯಸ್ಸು 53.

ಗೆಳೆಯ ತನ್ನಿಂದ ಮುಚ್ಚಿಟ್ಟದ್ದು ಈಬರ್ಟ್‌ಗೆ ತುಂಬಾ ನೋವು ಮಾಡಿತು. ಮುಂದೆ ತಮಗೇ ಕ್ಯಾನ್ಸರ್ ಬಂದಾಗ ಅವರು ಏನನ್ನೂ ಮುಚ್ಚಿಡಲಿಲ್ಲ. 2006ರ ಶಸ್ತ್ರಚಿಕಿತ್ಸೆಗಳ ನಂತರ ಅವರ ಮಾತೇ ಹೋಯಿತು. ಕೆಳದವಡೆ ಹೋದ ಮುಖವನ್ನು ಅಡಗಿಸದೆ ಜನರ ಮುಂದೆ ಬಂದರು, ಬರೆಯುತ್ತಲೇ ಇದ್ದರು. 2013ರ ಏಪ್ರಿಲ್ 4ರಂದು ತೀರಿಕೊಳ್ಳುವ ಎರಡು ದಿನ ಮುಂಚೆ ಬರೆದ ಲೇಖನದಲ್ಲೂ ಓದುಗರಿಗೆ, ಸಿನಿಮಾದಲ್ಲಿ ಸಿಗೋಣ ಎಂದೇ ಬರೆದಿದ್ದರು. ಮೂವತ್ತು ವರ್ಷ ಮಾತಿನಿಂದಲೇ ಟಿವಿಯಲ್ಲಿ ಬದುಕಿದ ಮನುಷ್ಯ. ಆ ಕೊನೆಯ ವರ್ಷಗಳ ಬರಹ ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಸಿಸ್ಕೆಲ್ ಹೋದ ಮೇಲೆ ಶೋ ಏನಾಯಿತು?

ಸ್ವಲ್ಪ ಕಾಲ ವಾರಕ್ಕೊಬ್ಬ ಅತಿಥಿ ಬಂದರು. 2000ದಲ್ಲಿ ರಿಚರ್ಡ್ ರೋಪರ್ ಜೊತೆಯಾದರು. ಈಬರ್ಟ್ ಮಾತು ಕಳೆದುಕೊಂಡ ಮೇಲೆ ಬೇರೆ ಬೇರೆಯವರು ಕೂತರು, 2010ರಲ್ಲಿ ನಿಂತಿತು. ಒಳ್ಳೆಯ ವಿಮರ್ಶಕರೇ ಬಂದಿದ್ದರು. ಆ ಜೋಡಿ ಮಾತ್ರ ಮತ್ತೆ ಕೂಡಿ ಬರಲಿಲ್ಲ.

ಬೇರೆ ದೇಶಗಳಲ್ಲಿ ಹೀಗೆ ಯಾರಾದರೂ ಇದ್ದರಾ?

ಬ್ರಿಟನ್ನಿನಲ್ಲಿ ಬ್ಯಾರಿ ನಾರ್ಮನ್ 1972ರಿಂದ 1998ರವರೆಗೆ ಬಿಬಿಸಿಯಲ್ಲಿ ಸಿನಿಮಾ ಬಗ್ಗೆ ಮಾತಾಡಿದರು, ಒಬ್ಬರೇ. ಚೆನ್ನಾಗಿ ಮಾತಾಡುತ್ತಿದ್ದರು. ಆದರೆ ನನ್ನ ಪ್ರೀತಿ ಆಸ್ಟ್ರೇಲಿಯಾದ ಮಾರ್ಗರೆಟ್ ಪೊಮೆರಾಂಜ್ ಮತ್ತು ಡೇವಿಡ್ ಸ್ಟ್ರಾಟನ್ ಮೇಲೆ. 1986ರಿಂದ 2014ರವರೆಗೆ, ಮೊದಲು ಎಸ್‌ಬಿಎಸ್ ಚಾನೆಲ್‌ನಲ್ಲಿ, ಆಮೇಲೆ ಎಬಿಸಿ ಚಾನೆಲ್‌ನಲ್ಲಿ ಜೊತೆಗೆ ಕೂತರು. ಮಾರ್ಗರೆಟ್ ಅವರದ್ದು ಜೋರು ನಗು, ಎದೆ ತುಂಬಿ ಮಾತು. ಡೇವಿಡ್ ಅವರದ್ದು ಹಳೇ ಮೇಷ್ಟರ ಶಿಸ್ತು. ಕ್ಯಾಮೆರಾ ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಅವರಿಗೆ ಆಗುತ್ತಿರಲಿಲ್ಲ.

1992ರಲ್ಲಿ ಮೆಲ್ಬರ್ನ್‌ನ ನವನಾಜಿ ಹುಡುಗರ ಬಗ್ಗೆ 'ರೋಂಪರ್ ಸ್ಟೋಂಪರ್' ಬಂದಾಗ, ಇದು ಅಪಾಯದ ಸಿನಿಮಾ ಎಂದು ಡೇವಿಡ್ ಅದಕ್ಕೆ ಸ್ಟಾರ್ ಕೊಡಲು ಒಪ್ಪಲೇ ಇಲ್ಲ. ಮಾರ್ಗರೆಟ್ ಮೆಚ್ಚಿಕೊಂಡರು. ಎರಡು ವರ್ಷದ ನಂತರ ವೆನಿಸ್ ಚಿತ್ರೋತ್ಸವದಲ್ಲಿ ಆ ಚಿತ್ರದ ನಿರ್ದೇಶಕರು ಡೇವಿಡ್ ಅವರ ಮೈಮೇಲೆ ವೈನ್ ಸುರಿದರು. ಸ್ಟಾರ್ ಕೊಡದಿರುವುದೂ ಒಂದು ವಿಮರ್ಶೆ ಎಂದು ನನಗೆ ತೋರಿಸಿಕೊಟ್ಟವರು ಡೇವಿಡ್.

ಈಗ ಯೂಟ್ಯೂಬ್ ತುಂಬ ರಿವ್ಯೂ ಇದೆಯಲ್ಲ? ಕನ್ನಡದಲ್ಲೂ ಬೇಕಾದಷ್ಟಿದೆ. ಅದು ಸಾಲದಾ?

ಶುಕ್ರವಾರ ಬೆಳಿಗ್ಗೆ ಫಸ್ಟ್ ಶೋ ಬಿಡುವ ಹೊತ್ತಿಗೆ ಯಾವುದಾದರೂ ಥಿಯೇಟರ್ ಗೇಟಿನ ಹತ್ತಿರ ನಿಂತು ನೋಡಿ. ನಾಲ್ಕೈದು ಮೈಕು, ಮೊಬೈಲು. ಹೊರಗೆ ಬಂದವರ ಬಾಯಿಗೆ ಮೈಕ್ ಹಿಡಿದು "ಹೇಗಿದೆ ಸಾರ್ ಸಿನಿಮಾ?" "ಬೆಂಕಿ! ನೂರು ದಿನ ಗ್ಯಾರಂಟಿ!" ಮುಂದಿನವರು. ಯಾಕೆ ಬೆಂಕಿ ಎಂದು ಮೈಕ್ ಹಿಡಿದವರು ಕೇಳುವುದಿಲ್ಲ. ಜನರ ಖುಷಿ ಸುಳ್ಳಲ್ಲ. ಆದರೆ ಮರುಪ್ರಶ್ನೆ ಇಲ್ಲದೆ ಅದು ವಿಮರ್ಶೆ ಆಗುವುದಿಲ್ಲ.

ಕನ್ನಡದಲ್ಲಿ ಒಬ್ಬರೇ ಕ್ಯಾಮೆರಾ ಮುಂದೆ ಕೂತು ಹತ್ತು ನಿಮಿಷ ಚೆನ್ನಾಗಿ ಮಾತಾಡುವವರು ಇದ್ದಾರೆ, ನಾನೂ ನೋಡುತ್ತೇನೆ. ಅವರ ಪಕ್ಕ ಅಷ್ಟೇ ಸಿನಿಮಾ ನೋಡಿದ, ಅಷ್ಟೇ ಹಟದ ಇನ್ನೊಬ್ಬರು ಕೂತರೆ ಹೇಗಿರುತ್ತದೆ ಎಂದು ಪ್ರತಿ ಸಲ ಅನ್ನಿಸುತ್ತದೆ. "ಸೆಕೆಂಡ್ ಹಾಫ್ ಎಳೆದಿದ್ದಾರೆ" ಎಂದು ಒಬ್ಬರು ಹೇಳಿದ ತಕ್ಷಣ "ಯಾವ ಸೀನು? ಅದನ್ನು ತೆಗೆದರೆ ಕ್ಲೈಮ್ಯಾಕ್ಸ್ ನಿಲ್ಲುತ್ತದಾ?" ಎಂದು ಕೇಳುವವರು ಬೇಕು.

ಮಾತನ್ನೇ ನಿಲ್ಲಿಸಬೇಕು ಎನ್ನುವವರೂ ಇದ್ದಾರೆ. 2024ರ ಡಿಸೆಂಬರ್‌ನಲ್ಲಿ ತಮಿಳು ನಿರ್ಮಾಪಕರ ಸಂಘವೊಂದು, ಬಿಡುಗಡೆಯಾದ ಮೊದಲ ಮೂರು ದಿನ ರಿವ್ಯೂ ಬೇಡ ಎಂದು ಮದ್ರಾಸ್ ಹೈಕೋರ್ಟ್‌ಗೆ ಹೋಗಿತ್ತು. ಕೋರ್ಟ್ ತಡೆ ಕೊಡಲಿಲ್ಲ. ನಿರ್ಮಾಪಕರ ಕಷ್ಟ ನನಗೆ ಅರ್ಥವಾಗುತ್ತದೆ, ದುಡ್ಡು ಹಾಕಿದವರ ಹೊಟ್ಟೆ ಉರಿಯುತ್ತದೆ. ಆದರೆ ಕೆಟ್ಟ ಮಾತಿಗೆ ಮದ್ದು ಎದುರು ಮಾತು.

ಮನೆಯಲ್ಲಿ ನಾವೂ ಹೀಗೆ ಮಾಡಬಹುದಾ?

ಖಂಡಿತ. ನಾನೂ ನಮ್ಮ ಭಾವನೂ ವರ್ಷಗಳಿಂದ ಮಾಡುತ್ತಿದ್ದೇವೆ. ಇಂಟರ್ವೆಲ್‌ನಲ್ಲಿ ಸಿನಿಮಾ ಬಗ್ಗೆ ಮಾತಿಲ್ಲ. ಸಿನಿಮಾ ಬಿಟ್ಟ ಮೇಲೂ ಬೈಕ್ ಸ್ಟ್ಯಾಂಡಿನಲ್ಲಿ ಮಾತಿಲ್ಲ. ನಾನು ತಡೆಯಲಾರದೆ "ಹೇಗಿತ್ತು ಭಾವ?" ಅಂದರೆ "ಸುಮ್ನಿರು ಮಾರಾಯ, ಮೊದಲು ಕಾಫಿ" ಅನ್ನುತ್ತಾನೆ. ಹೋಟೆಲಿಗೆ ಹೋಗಿ, ಲೋಟ ಮುಂದೆ ಬಂದ ಮೇಲೆ ಒಬ್ಬರು ಪೂರ್ತಿ ಹೇಳಬೇಕು, ಇನ್ನೊಬ್ಬರು ಕೇಳಬೇಕು. 'ಚೆನ್ನಾಗಿದೆ', 'ಬೋರು' ಎಂದರೆ ಲೆಕ್ಕಕ್ಕಿಲ್ಲ, ಒಂದು ದೃಶ್ಯ ಹಿಡಿದು ತೋರಿಸಬೇಕು. ಎಷ್ಟೋ ಸಲ ಅವನ ಮಾತು ಕೇಳಿದ ಮೇಲೆ ನಾನು ಅದೇ ಸಿನಿಮಾಕ್ಕೆ ಇನ್ನೊಮ್ಮೆ ಟಿಕೆಟ್ ತೆಗೆದಿದ್ದೇನೆ.

ಸಿಸ್ಕೆಲ್ ಬಳಸುತ್ತಿದ್ದ ಒಂದು ಪರೀಕ್ಷೆಯೂ ನಮ್ಮಲ್ಲಿ ನಡೆಯುತ್ತದೆ. ಇದೇ ನಟರು ಕೂತು ಮಧ್ಯಾಹ್ನದ ಊಟ ಮಾಡುವುದನ್ನು ಚಿತ್ರೀಕರಿಸಿದ್ದರೆ ಅದು ಈ ಸಿನಿಮಾಕ್ಕಿಂತ ಸ್ವಾರಸ್ಯವಾಗಿರುತ್ತಿತ್ತಾ? ದೊಡ್ಡ ದೊಡ್ಡ ನಟರನ್ನು ಗುಡ್ಡೆ ಹಾಕಿದ ಸಿನಿಮಾ ನೋಡಿ ಬಂದಾಗ ಇದನ್ನು ಕೇಳಿ ನೋಡಿ.

ಈಬರ್ಟ್ ಮಾತೂ ಒಂದಿದೆ: ಸಿನಿಮಾ ಯಾವುದರ ಬಗ್ಗೆ ಎನ್ನುವುದಕ್ಕಿಂತ ಅದನ್ನು ಹೇಗೆ ಹೇಳುತ್ತದೆ ಎನ್ನುವುದು ಮುಖ್ಯ. 'ಒಳ್ಳೆಯ ಸಂದೇಶ ಇದೆ, ಅದಕ್ಕೇ ಒಳ್ಳೆಯ ಸಿನಿಮಾ' ಎಂದು ನಾನು ಜಾರಿಕೊಳ್ಳಲು ಹೊರಟಾಗ ಭಾವ ಇದನ್ನೇ ಎತ್ತಿ ನನ್ನನ್ನು ಹಿಡಿಯುತ್ತಾನೆ.

ಈಗ ಎಲ್ಲಿ ನೋಡಬಹುದು? ಮೊದಲು ಯಾವುದು ನೋಡಲಿ?

ಹಳೇ ಕಂತುಗಳನ್ನು ಆಗಲೇ ಟೇಪಿಗೆ ಇಳಿಸಿಕೊಂಡಿದ್ದ ಅಭಿಮಾನಿಗಳು ಯೂಟ್ಯೂಬಿಗೆ ಹಾಕಿದ್ದಾರೆ. ಚಿತ್ರ ಮಸುಕು, ನಡುವೆ ಗೆರೆ ಓಡುತ್ತದೆ, ಮಾತು ಚೆನ್ನಾಗಿ ಕೇಳುತ್ತದೆ. ಈಬರ್ಟ್ ಬದುಕಿನ ಕಥೆ ಬೇಕಾದರೆ 2014ರ ಸಾಕ್ಷ್ಯಚಿತ್ರ 'ಲೈಫ್ ಇಟ್‌ಸೆಲ್ಫ್' ನೋಡಿ. ಅದನ್ನು ಮಾಡಿದ್ದು 'ಹೂಪ್ ಡ್ರೀಮ್ಸ್' ಮಾಡಿದ ಅದೇ ಸ್ಟೀವ್ ಜೇಮ್ಸ್.

ಮೊದಲಿಗೆ ನೀವು ನೋಡಿರುವ ಯಾವುದಾದರೂ ಹಾಲಿವುಡ್ ಸಿನಿಮಾ ಆರಿಸಿಕೊಳ್ಳಿ. 1980, 90ರ ದಶಕದ್ದಾದರೆ ಇವರ ಮಾತು ಸಿಗುವ ಸಾಧ್ಯತೆ ಜಾಸ್ತಿ. ಪ್ಲೇ ಒತ್ತುವ ಮುಂಚೆ ನಿಮ್ಮ ಅಭಿಪ್ರಾಯವನ್ನು ಎರಡು ಸಾಲು ಬರೆದಿಟ್ಟುಕೊಳ್ಳಿ. ಆಮೇಲೆ, ಇಬ್ಬರಲ್ಲಿ ನಿಮಗೆ ಯಾರ ಮಾತು ಹಿಡಿಸುವುದಿಲ್ಲವೋ ಅವರ ಮಾತನ್ನು ಇನ್ನೊಂದು ಸಲ ಹಾಕಿ ಕೇಳಿ.